ಅಮ್ಮನ ನಂಬರು ಏರಿದ ವರ್ಷ

ನಮ್ಮಮ್ಮನ ರಕ್ತದಲ್ಲಿ ಒಂದು ನಂಬರು ಏರಿತು ಅಂತ ನನ್ನ ಮದುವೆ ಮಾಡಿದರು. ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ಅವರ ಗಂಟೇನು ಹೋಗಬೇಕು? ಓದು ಬಿಟ್ಟು ಗೊರೂರಿನ ನೀರಾವರಿ ಇಲಾಖೆಯ ಕ್ವಾರ್ಟರ್ಸಿನಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಕೂತವಳು ನಾನು. ಇಷ್ಟು ವರ್ಷ ಆದರೂ ಆ ನಂಬರಿನ ಮಾತು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತೊಂಬತ್ತರ ದಶಕದ ಮಾತು. ನಮ್ಮದು ಹೊಳೆನರಸೀಪುರ, ದೇವಸ್ಥಾನದ ಹತ್ತಿರದ ಬೀದಿ. ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ಪೌರೋಹಿತ್ಯ ಮಾಡುತ್ತಿದ್ದರು. ಅವರೂ ದೊಡ್ಡಮ್ಮನೂ ಪಕ್ಕದ ಮನೆಯಲ್ಲೇ ಇದ್ದರು. ನಡುವೆ ಒಂದೇ ಗೋಡೆ. ನಮ್ಮನೆಯಲ್ಲಿ ಸೀನಿದರೆ ಅವರ ಮನೆಯಿಂದ 'ಯಾಕೆ, ನೆಗಡಿನಾ?' ಅಂತ ಬರುತ್ತಿತ್ತು. ಅಮ್ಮನಿಗೂ ದೊಡ್ಡಮ್ಮನಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ. ಮಡಿ ಬಟ್ಟೆ ಯಾರದು ಯಾರದಕ್ಕೆ ತಾಗಿತು, ಹಬ್ಬದ ಹೋಳಿಗೆ ಯಾರದು ಹರಿಯಿತು, ಇಂಥವೇ. ಇಬ್ಬರೂ ಒಬ್ಬರನ್ನೊಬ್ಬರು ಬಾಯಿ ತುಂಬ 'ಅಕ್ಕ', 'ತಂಗಿ' ಅನ್ನುತ್ತಿದ್ದರು. ಹಾಗಂದ ದಿನ ಒಳಗೆ ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿದ್ದವು.

ನಾನು ಒಬ್ಬಳೇ ಮಗಳು. ದಿನಾ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಬಿಎಸ್ಸಿ ಓದುತ್ತಿದ್ದೆ. ಕೆಮಿಸ್ಟ್ರಿ ಅಂದರೆ ಪ್ರಾಣ. ಲ್ಯಾಬಿನಲ್ಲಿ ಬ್ಯೂರೆಟ್ಟಿನಿಂದ ಹನಿ ಹನಿ ಬಿಟ್ಟು, ಬಣ್ಣ ತಿರುಗುವ ಆ ಒಂದು ಹನಿಗೆ ಉಸಿರು ಬಿಗಿಹಿಡಿದು ನಿಲ್ಲುವುದರಲ್ಲಿ ನನಗೆ ಇದ್ದ ಸುಖ ಇನ್ನು ಯಾವುದರಲ್ಲೂ ಇರಲಿಲ್ಲ. ಮೈಸೂರಿಗೆ ಹೋಗಿ ಎಂಎಸ್ಸಿ ಮಾಡಬೇಕು ಅಂತ ನನ್ನ ಆಸೆ. ಅಪ್ಪನೂ ಹೂಂ ಅಂದಿದ್ದರು. 'ಓದಲಿ ಬಿಡಿ, ಮದುವೆ ಎಲ್ಲಿಗೆ ಓಡಿಹೋಗತ್ತೆ' ಅಂತ ದೊಡ್ಡಪ್ಪನ ಎದುರಿಗೇ ಹೇಳಿದ್ದರು. ಅಣ್ಣನ ಎದುರು ಅಪ್ಪ ಬಾಯಿಬಿಟ್ಟಿದ್ದು ನಾನು ಕಂಡ ಹಾಗೆ ಅದೊಂದೇ ಸಲ.

ನಾನು ಎರಡನೇ ವರ್ಷದಲ್ಲಿದ್ದಾಗ ಅಮ್ಮನಿಗೆ ಹೊಟ್ಟೆ ಉಬ್ಬರ ಶುರುವಾಯಿತು. ಗ್ಯಾಸು ಅಂದರು, ಜೀರಿಗೆ ಕಷಾಯ ಕುಡಿಸಿದರು. ಕೊನೆಗೆ ಬೆಂಗಳೂರಿನಲ್ಲಿ ಗೊತ್ತಾಯಿತು, ಅಂಡಾಶಯದ ಕ್ಯಾನ್ಸರು. ಆಪರೇಷನ್ ಆಯಿತು, ಡ್ರಿಪ್ಪಿನಲ್ಲಿ ಔಷಧಿ ಹತ್ತಿಸಿದರು, ಮೊಳಕಾಲು ಮುಟ್ಟುತ್ತಿದ್ದ ಅಮ್ಮನ ಕೂದಲು ಬಾಚಣಿಗೆಯಲ್ಲಿ ಬಂದುಬಿಟ್ಟಿತು. ನಮ್ಮ ಬೀದಿಯಲ್ಲಿ ಕ್ಯಾನ್ಸರ್ ಅನ್ನುವ ಮಾತು ಯಾರೂ ಆಡುತ್ತಿರಲಿಲ್ಲ. ಎಲ್ಲರೂ 'ಗಡ್ಡೆ' ಅನ್ನುತ್ತಿದ್ದರು. ಆದರೆ ಎಲ್ಲರಿಗೂ ಗೊತ್ತಿತ್ತು.

ಕೊನೆಯ ಡ್ರಿಪ್ಪು ಮುಗಿಸಿ ಅಮ್ಮ ಮನೆಗೆ ಬಂದ ದಿನ ದೊಡ್ಡಮ್ಮ ಕಾಫಿ ಹಿಡಿದು ಬಂದರು. ಮಂಚದ ಅಂಚಿನಲ್ಲಿ ಕೂತು ಅಮ್ಮನ ಕೈ ಸವರಿ, 'ನೀನು ಏನೂ ಯೋಚನೆ ಇಟ್ಕೋಬೇಡ ಕಣೇ ತಂಗಿ. ಹುಡುಗಿ ಬಗ್ಗೆ ಅಂತೂ ಬೇಡವೇ ಬೇಡ. ನಾವಿಲ್ವಾ? ನಾನೂ ನಿಮ್ಮ ಭಾವನೂ ಕೂತು ಧಾರೆ ಎರೆದು ಕೊಡ್ತೀವಿ' ಅಂದರು.

ಧಾರೆ ಎರೆಯಲು ನಮ್ಮಲ್ಲಿ ದಂಪತಿಗಳೇ ಆಗಬೇಕು. ಗಂಡ ಕೈ ಹಿಡಿಯಬೇಕು, ಹೆಂಡತಿ ನೀರು ಬಿಡಬೇಕು. ಹೆಂಡತಿ ಸತ್ತವನು ಸ್ವಂತ ಮಗಳ ಕನ್ಯಾದಾನಕ್ಕೂ ಕೂರುವ ಹಾಗಿಲ್ಲ, ಚಪ್ಪರದ ಕಂಬ ಹಿಡಿದು ನಿಂತು ನೋಡಬೇಕು. ದೊಡ್ಡಮ್ಮ ಹೇಳಿದ್ದು ಸಮಾಧಾನಕ್ಕೇ ಇರಬಹುದು. ನನಗಂತೂ ಆ ಮುಖಕ್ಕೆ ಆ ಕಾಫಿಯನ್ನೇ ಎರಚಬೇಕು ಅನ್ನಿಸಿತು. ಬದುಕಿರುವವಳ ಎದುರಿಗೇ ಅವಳ ಜಾಗಕ್ಕೆ ಟವೆಲು ಹಾಕುವುದಾ?  ಅಮ್ಮ ಆ ಕಾಫಿ ಕುಡಿಯಲಿಲ್ಲ.

ಆಮೇಲೆ ಶುರುವಾಯಿತು ನಂಬರಿನ ಕಾಟ. ಸಿಎ ಒನ್ ಟ್ವೆಂಟಿಫೈವ್ ಅಂತ ಅದರ ಹೆಸರು. ಈ ಕ್ಯಾನ್ಸರು ಇದ್ದವರ ರಕ್ತದಲ್ಲಿ ಸಾಮಾನ್ಯವಾಗಿ ಹೆಚ್ಚುವ ಒಂದು ವಸ್ತು. ಚಿಕಿತ್ಸೆ ಆದಮೇಲೆ ಇಳಿಯುತ್ತದೆ, ರೋಗ ಮರಳಿದರೆ ಮತ್ತೆ ಏರುತ್ತದೆ. ಮೂರು ತಿಂಗಳಿಗೊಮ್ಮೆ ನೋಡಿಸುತ್ತಿರಬೇಕು, ಮೂವತ್ತೈದರ ಕೆಳಗಿದ್ದರೆ ಯೋಚನೆಯಿಲ್ಲ ಅಂದಿದ್ದರು. ಹಾಸನದ ಲ್ಯಾಬಿನಲ್ಲಿ ರಕ್ತ ತೆಗೆದು, ಐಸು ತುಂಬಿದ ಡಬ್ಬಿಯಲ್ಲಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸುತ್ತಿದ್ದರು. ಅಲ್ಲೂ ಒಬ್ಬರ ರಕ್ತಕ್ಕಾಗಿ ಕಿಟ್ಟು ಒಡೆಯುವುದಿಲ್ಲ. ನಾಲ್ಕಾರು ಜನರದು ಸೇರಬೇಕು. ಅಂದರೆ ನಮ್ಮಮ್ಮನ ಗತಿ ತಿಳಿಯಬೇಕಾದರೆ ಇನ್ನೂ ನಾಲ್ಕು ಮನೆಯ ಹೆಂಗಸರಿಗೆ ಕಾಯಿಲೆ ಆಗಿರಬೇಕು. ಥೂ, ಎಂಥ ಕಾಯುವಿಕೆ ಅದು!

ಮೊದಲ ಸಲ ಹನ್ನೊಂದು ಬಂತು. ಅಪ್ಪ ಬೀದಿಯಲ್ಲೇ ಸೈಕಲ್ ನಿಲ್ಲಿಸಿ ಕೂಗಿದರು. ದೊಡ್ಡಮ್ಮ ಬಾಗಿಲಿಗೆ ಬಂದು, 'ಅಯ್ಯೋ, ಹನ್ನೊಂದೇ? ಮೂವತ್ತೈದಾದ್ರೂ ಬರಬೇಕಲ್ವಾ ಪಾಸಾಗೋಕೆ?' ಅಂದರು. ಮೇಷ್ಟ್ರ ಮನೆಯ ಪಕ್ಕದಲ್ಲಿದ್ದು ಬಂದ ಬುದ್ಧಿ. ಅಪ್ಪ ಬಿಡಿಸಿ ಹೇಳಿದ ಮೇಲೂ ಅವರ ಮುಖದಲ್ಲಿದ್ದ ಅನುಮಾನ ಹೋಗಲಿಲ್ಲ. ಅಲ್ಲಿಂದ ಮುಂದೆ ಇಡೀ ಬೀದಿಗೆ ಅದೇ ಕೆಲಸ. ಅಂಗಡಿಗೆ ಹೋದರೆ 'ಅಮ್ಮಂದು ಎಷ್ಟು ಬಂತಮ್ಮಾ?' ದೇವಸ್ಥಾನಕ್ಕೆ ಹೋದರೆ 'ಈ ಸಲ ಎಷ್ಟಂತೆ?' ನನಗೆ ಬಂದ ರ್‍ಯಾಂಕನ್ನು ಒಬ್ಬರೂ ಹೀಗೆ ಕೇಳಿದವರಲ್ಲ. ಹೇಗಿದ್ದಾಳೆ ಅಂತ ಕೇಳುವುದನ್ನೇ ಜನ ಮರೆತುಬಿಟ್ಟರು.

ನಾನು ಕೊನೆಯ ವರ್ಷದಲ್ಲಿದ್ದಾಗ, ಸಂಕ್ರಾಂತಿ ಕಳೆದ ಮೇಲೆ, ಅಮ್ಮನಿಗೆ ಕೆಟ್ಟ ಕೆಮ್ಮು ಹಿಡಿಯಿತು. ಜ್ವರ, ಎದೆಯ ಪಕ್ಕದಲ್ಲಿ ಚುಚ್ಚು. ಅದರ ನಡುವೆಯೇ ರಕ್ತ ಕೊಡುವ ದಿನ ಬಂತು, ಕೊಟ್ಟದ್ದೂ ಆಯಿತು. ಈ ಸಲ ಬಂದದ್ದು ಐವತ್ತೆಂಟು.

ಅಪ್ಪ ಜಗಲಿಯ ಮೇಲೆ ಕೂತವರು ಏಳಲೇ ಇಲ್ಲ. ಹಾಸನದಲ್ಲಿ ಅಮ್ಮನನ್ನು ನೋಡುತ್ತಿದ್ದ ಲೇಡಿ ಡಾಕ್ಟರಿಗೆ ತೋರಿಸಬೇಕಿತ್ತು. 'ನನ್ನ ಕೈಲಾಗಲ್ಲ, ನೀನೇ ಕರ್ಕೊಂಡು ಹೋಗು' ಅಂತ ಅಪ್ಪ ನನಗೆ ಹೇಳಿದರು. ಬೆಂಗಳೂರಿನ ಆಸ್ಪತ್ರೆ ನೋಡಿ ಬಂದಮೇಲೆ ಅವರು ಡಾಕ್ಟರ ಎದುರು ಕೂರುವುದಕ್ಕೇ ಹೆದರುತ್ತಿದ್ದರು. ಅಂದು ನನಗೆ ಪ್ರಾಕ್ಟಿಕಲ್ ಇತ್ತು. ಅಮ್ಮನನ್ನು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರಿಸಿ ಕಾಲೇಜಿಗೆ ಓಡಿ, ಮುಗಿಸಿಕೊಂಡು ಓಡಿ ಬಂದೆ. ಅಷ್ಟರಲ್ಲಿ ಅಮ್ಮ ಡಾಕ್ಟರನ್ನು ಕಂಡು ಹೊರಗೆ ಬಂದು ಕೂತಿದ್ದಳು.

'ಏನಂದ್ರು ಅಮ್ಮಾ?'

'ಮತ್ತೆ ಬಂದಿದೆಯಂತೆ ಕಣೇ' ಅಂದಳು. 'ಈಗಲೇ ಏನೂ ಮಾಡೋ ಹಾಗಿಲ್ವಂತೆ. ನೋಡೋಣ ಅಂದ್ರು.'

ನಾನು ಒಳಗೆ ನುಗ್ಗಿ ಕೇಳುತ್ತೇನೆ ಅಂತ ಹೊರಟೆ. ಅಮ್ಮ ಕೈ ಹಿಡಿದಳು. 'ಬೇಡ. ಪಾಪ, ಅವರೇ ಕಣ್ಣಲ್ಲಿ ನೀರು ತಂದ್ಕೊಂಡ್ರು. ಬಾ, ಬಸ್ಸು ಹೋಗತ್ತೆ.' ಡಾಕ್ಟರ ಬಾಯಿಂದ ಅದನ್ನು ಕೇಳಲು ನನಗೂ ಭಯವಿತ್ತು. ಅಮ್ಮನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ.

ಆ ರಾತ್ರಿ ಊಟವಾದ ಮೇಲೆ ದೊಡ್ಡಪ್ಪ ಪಂಚಾಂಗ ಹಿಡಿದು ನಮ್ಮ ಮನೆಗೆ ಬಂದರು. ಅವರ ಲೆಕ್ಕ ಬಹಳ ಸರಳ. ಮಗಳ ಮದುವೆ ಮಾಡುವುದಾದರೆ ತಾಯಿ ಹಸೆಮಣೆಯ ಮೇಲೆ ಕೂರುವ ಹಾಗಿರುವಾಗಲೇ ಆಗಬೇಕು. ವೈಶಾಖದಲ್ಲಿ ಮುಹೂರ್ತ ಇದೆ. ಚನ್ನರಾಯಪಟ್ಟಣದಲ್ಲಿ ಒಂದು ಒಳ್ಳೆಯ ಮನೆತನ, ಹುಡುಗ ಗೊರೂರು ಡ್ಯಾಮಿನಲ್ಲಿ ಇಂಜಿನಿಯರು, ಜಾತಕ ಆಗಲೇ ನೋಡಿಟ್ಟಿದ್ದಾರೆ. ನಾನು ಅಪ್ಪನ ಮುಖ ನೋಡಿದೆ. 'ವೈಶಾಖದಲ್ಲಿ ಪರೀಕ್ಷೆ ಇದೆ ಅಪ್ಪಾ' ಅಂದೆ. ಅಪ್ಪ ಅಮ್ಮನ ಕಡೆ ನೋಡಿದರು.

ಅಮ್ಮ ಹೇಳಿದಳು, 'ಇವಳ ಧಾರೆ ಆಗೋವರೆಗೂ ನಾನು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಆ ಡ್ರಿಪ್ಪು ಹಾಕಿಸ್ಕೊಂಡ್ರೆ ಮತ್ತೆ ಎದ್ದು ಕೂರೋಕಾಗಲ್ಲ. ಇದೊಂದು ಮುಗೀಲಿ, ಆಮೇಲೆ ಏನು ಬೇಕಾದ್ರೂ ಮಾಡಿ.'

ಇನ್ನೇನು ಉಳಿಯಿತು ಹೇಳಿ? ಬೇಡ ಅಂದರೆ ಅಮ್ಮನನ್ನು ಕೊಂದವಳು ನಾನಾಗುತ್ತಿದ್ದೆ. ಅಪ್ಪ ಅತ್ತರು. ದೊಡ್ಡಮ್ಮ ಗೋಡೆಯ ಆಚೆ ಅತ್ತು ಮೂಗೆಳೆದದ್ದು ಕೇಳಿಸಿತು. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಹತ್ತಿರ ನಿಂತು ಒಬ್ಬೊಬ್ಬರನ್ನೇ ಬೈದೆ. ಪಂಚಾಂಗ ತಂದ ದೊಡ್ಡಪ್ಪನನ್ನು, ಬಾಯಿ ಸತ್ತ ಅಪ್ಪನನ್ನು, ಒಂದು ಚಮಚ ರಕ್ತ ನೋಡಿ ಸಾವಿನ ತೀರ್ಪು ಕೊಟ್ಟ ಆ ಡಾಕ್ಟರನ್ನು. ಅಮ್ಮನನ್ನು ಮಾತ್ರ ಬಿಟ್ಟೆ.

ಚನ್ನರಾಯಪಟ್ಟಣದವರು ಬಂದು ನೋಡಿದರು. ಉಪ್ಪಿಟ್ಟು, ಕೇಸರಿಬಾತು, ಒಂದು ದೇವರನಾಮ. ಪರೀಕ್ಷೆಯ ಮಾತು ಎತ್ತಿದಾಗ ಹುಡುಗನ ತಾಯಿ 'ಬರೀಲಿ ಬಿಡಿ, ಯಾರು ಬೇಡ ಅಂತಾರೆ, ಮದುವೆ ಆದಮೇಲೂ ಬರೀಬಹುದಲ್ಲ' ಅಂದರು. ಎಷ್ಟು ಸಲೀಸು! ಮದುವೆಯಾದ ವಾರವೇ ಪರೀಕ್ಷೆ ಇತ್ತು. ಗೃಹಪ್ರವೇಶ ಒಂದು ದಿನ, ಸತ್ಯನಾರಾಯಣ ಪೂಜೆ ಒಂದು ದಿನ, ಮನೆದೇವರಿಗೆ ಹೋಗಿಬರುವುದು ಒಂದು ದಿನ. ನನ್ನ ಕೆಮಿಸ್ಟ್ರಿ ಪೇಪರಿನ ದಿನ ನಾನು ರೇಷ್ಮೆ ಸೀರೆ ಉಟ್ಟುಕೊಂಡು ಯಾರ್‍ಯಾರದೋ ಕಾಲಿಗೆ ಬೀಳುತ್ತಿದ್ದೆ. ಮುಂದಿನ ವರ್ಷ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಬರೆದೆ, ಸೆಕೆಂಡ್ ಕ್ಲಾಸು ಬಂತು. ಎಂಎಸ್ಸಿಗೆ ಸೀಟು ಸಿಗುವ ಮಾರ್ಕ್ಸು ಅದಲ್ಲ.

ಧಾರೆಯ ಹೊತ್ತು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಕಚ್ಚೆ ಉಟ್ಟು ಬಂದು ಅಪ್ಪನ ಪಕ್ಕದಲ್ಲಿ ಕೂತಳು. ಇನ್ನೂ ಕುತ್ತಿಗೆಗೂ ಬಾರದ ಕೂದಲನ್ನು ಸೆರಗಿನಲ್ಲಿ ಮುಚ್ಚಿದ್ದಳು. ಗಿಂಡಿಯಿಂದ ನೀರು ಬಿಡುವಾಗ ಕೈ ಒಂದು ಚೂರೂ ನಡುಗಲಿಲ್ಲ. ಮುಖ ಎತ್ತಿ, ಮುಂದೆ ನಿಂತಿದ್ದ ದೊಡ್ಡಮ್ಮನನ್ನು ನೋಡಿದಳು. ಸಾಯುವ ಹೊತ್ತಿನಲ್ಲೂ ಎಂಥ ಧೈರ್ಯ ಅಂದುಕೊಂಡು ನಾನು ಅತ್ತೆ. ಮದುಮಗಳು ಅಳುವುದು ವಾಡಿಕೆ, ಯಾರೂ ಏನೂ ಕೇಳಲಿಲ್ಲ.

ಮದುವೆಯಾದ ಎರಡು ಮೂರು ತಿಂಗಳಿಗೆ, ಡ್ರಿಪ್ಪು ಶುರು ಮಾಡುವ ಮುಂಚೆ, ಅಮ್ಮ ಮತ್ತೆ ರಕ್ತ ಕೊಟ್ಟಳು. ಹತ್ತು ಬಂತು.

ಹತ್ತು! ಅಪ್ಪ ಗೊರೂರಿಗೆ ಫೋನು ಮಾಡಿ ಹೇಳಿದಾಗ ನಾನು ಖುಷಿಗೆ ಕೂಗಿಬಿಟ್ಟೆ. ಫೋನಿಟ್ಟ ಮೇಲೆ ನೆಲದ ಮೇಲೆ ಕೂತುಬಿಟ್ಟೆ. ಸಂತೋಷವೂ ಸಿಟ್ಟೂ ಒಟ್ಟಿಗೆ ಬಂದರೆ ಏನು ಮಾಡಬೇಕು ಅಂತ ಯಾರು ಹೇಳಿಕೊಟ್ಟಿದ್ದಾರೆ? ಅಮ್ಮ ಉಳಿದಳು. ಹಾಗಾದರೆ ನಾನು ಯಾತಕ್ಕೆ ಇಲ್ಲಿದ್ದೇನೆ? ಅದನ್ನು ಬಾಯಿಬಿಟ್ಟು ಕೇಳುವ ಹಾಗೂ ಇಲ್ಲ. ಅಮ್ಮ ಯಾಕೆ ಸಾಯಲಿಲ್ಲ ಅಂತ ಕೇಳಿದ ಹಾಗಾಗುತ್ತಿತ್ತು.

ಊರಿಗೆ ಹೋದಾಗ ದೊಡ್ಡಪ್ಪ ಎಲ್ಲರೆದುರು 'ಕನ್ಯಾದಾನದ ಫಲ ಕಣಮ್ಮಾ, ಸುಮ್ನೆ ಅಲ್ಲ' ಅಂದರು. ದೊಡ್ಡಮ್ಮನೂ ತಲೆಯಾಡಿಸಿದರು. ನನ್ನ ಓದನ್ನು ಕಿತ್ತುಕೊಂಡು ಅದಕ್ಕೂ ಪುಣ್ಯದ ಲೇಬಲ್ಲು ಅಂಟಿಸಿದ್ದರು. ನಾನು ಎಲೆಯ ಮುಂದಿನಿಂದ ಎದ್ದು ಬಂದೆ. ಅಂದಿನಿಂದ ದೊಡ್ಡಪ್ಪನ ಜೊತೆ ಮಾತು ಬಿಟ್ಟೆ. ಡಾಕ್ಟರ ಮೇಲಂತೂ ನನ್ನ ಹಗೆ ಹೇಳತೀರದು. ಕ್ವಾರ್ಟರ್ಸಿನ ಹೆಂಗಸರು ಯಾರಾದರೂ ಹಾಸನಕ್ಕೆ ಆಸ್ಪತ್ರೆಗೆ ಹೊರಟರೆ 'ಅಲ್ಲಿಗೆ ಮಾತ್ರ ಹೋಗ್ಬೇಡಿ, ಇಲ್ಲದ ಕಾಯಿಲೆ ಇದೆ ಅಂತಾಳೆ' ಅನ್ನುತ್ತಿದ್ದೆ. ಗಂಡನಿಗೂ ನನ್ನ ಸಿಟ್ಟು ತಗಲಿತು. ಪಾಪ, ಅವರು ಏನು ಮಾಡಿದ್ದರು? ಸಂಜೆ ಡ್ಯಾಮಿನ ಮೇಲೆ ನಡೆಯಲು ಕರೆದರೆ 'ನೀವೇ ಹೋಗಿ' ಅನ್ನುತ್ತಿದ್ದೆ. ಶೆಟ್ಟಿಹಳ್ಳಿಯ ಮುಳುಗಿದ ಚರ್ಚು ತೋರಿಸಲು ಕರೆದುಕೊಂಡು ಹೋದ ದಿನ, ಡ್ಯಾಮಿನ ಹಿನ್ನೀರಿನಲ್ಲಿ ನಿಂತ ಆ ಗೋಡೆ ನೋಡಿ 'ನಿಮ್ಮ ಇಲಾಖೆಯವರು ಏನನ್ನೂ ಮುಳುಗಿಸದೆ ಬಿಡಲ್ಲ' ಅಂದೆ. ಅವರು ಅಲ್ಲಿಂದಲೇ ಮನೆಯ ದಾರಿ ಹಿಡಿದರು.

ಹೀಗೇ ವರ್ಷಗಳು ಹೋದವು. ನನ್ನ ಮಗಳು ಸ್ಕೂಲಿಗೆ ಹೋಗುವಷ್ಟು ದೊಡ್ಡವಳಾದಳು. ಅಮ್ಮನ ನಂಬರು ಹತ್ತರ ಆಸುಪಾಸಿನಲ್ಲೇ ಓಡಾಡಿಕೊಂಡಿತ್ತು. ಮೂರು ತಿಂಗಳಿಗಿದ್ದ ಪರೀಕ್ಷೆ ವರ್ಷಕ್ಕೊಂದಾಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ಅಮ್ಮನಿಗೆ ಮತ್ತೆ ಅಂಥದೇ ಕೆಮ್ಮು ಬಂತು. ಅಪ್ಪನಿಗೆ ಮಂಡಿನೋವು, ಬಸ್ಸು ಹತ್ತುವಂತಿರಲಿಲ್ಲ. ಅಮ್ಮ ಹಟ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗಬೇಕು ಅಂದಳು. ನಾನು ಗೊರೂರಿನಿಂದ ಹಾಸನಕ್ಕೆ ಬಂದು, ಹಲ್ಲು ಕಚ್ಚಿಕೊಂಡು ಜೊತೆಯಲ್ಲಿ ಒಳಗೆ ಹೋದೆ.

ಡಾಕ್ಟರಿಗೆ ಕೂದಲು ನೆರೆತಿತ್ತು. ಅಮ್ಮನ ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿ, 'ಈ ಕೆಮ್ಮು ಪೂರ್ತಿ ಹೋಗೋವರೆಗೆ ಆ ಟೆಸ್ಟ್ ಮಾಡಿಸ್ಬೇಡಿ' ಅಂದರು. 'ಎದೇಲಿ ಹೀಗೆ ಉರಿಯೂತ ಆದ್ರೂ ಅದು ಏರತ್ತೆ. ಆ ಸಲನೂ ಇದೇ ತಾನೇ ಆಗಿದ್ದು? ಹೊಟ್ಟೆ ಸ್ಕ್ಯಾನ್ ಮಾಡಿದ್ರೆ ಏನೂ ಇರಲಿಲ್ಲ. ಭಯ ಬೇಡ, ಒಂದು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂತ ಎಷ್ಟು ಸಲ ಹೇಳ್ದೆ ನಿಮಗೆ! ನೀವು ಬಂದ್ರಾ? ಫೋನ್ ಮಾಡಿಸಿದ್ರೆ ನೀವೇ ತಗೊಂಡು 'ಬರ್ತೀನಿ' ಅಂದ್ರಿ, ಬರಲಿಲ್ಲ. ಮಗಳ ಮದುವೆ ಗಲಾಟೇಲಿ ಮರೆತೆ ಅಂತ ಆರಾಮವಾಗಿ ಬಂದ್ರಿ.' ಆಮೇಲೆ ನನ್ನ ಕಡೆ ತಿರುಗಿ ನಕ್ಕರು. 'ನಿಮ್ಮದೇ ಅಲ್ವಾ ಮದುವೆ?'

ನಾನು ಅಮ್ಮನ ಕಡೆ ತಿರುಗಿದೆ. ಅಮ್ಮ ಔಷಧಿ ಚೀಟಿ ಮಡಿಸಿ ಪರ್ಸಿಗೆ ಹಾಕಿಕೊಂಡಳು. ನನ್ನ ಮುಖ ನೋಡಲಿಲ್ಲ.

ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಹೊಳೆನರಸೀಪುರದ ಬಸ್ಸು ನಿಲ್ಲುವ ಕಡೆ ಬೆಂಚಿನ ಮೇಲೆ ಕೂತ ಮೇಲೆ ನಾನು ಕೇಳಿದೆ. 'ನಿನಗೆ ಗೊತ್ತಿತ್ತಾ?'

'ಗೊತ್ತಿತ್ತು.'

'ಮತ್ತೆ ಬಂದಿದೆ ಅಂತ ಯಾಕೆ ಹೇಳ್ದೆ?'

'ಇನ್ನೇನು ಹೇಳ್ಬೇಕಿತ್ತು?' ಅಂದಳು. 'ಒಂದು ತಿಂಗಳು ಕಾದು, ನಂಬರು ಇಳಿದಿದ್ರೆ ನಿಮ್ಮಪ್ಪ ನಿನ್ನ ಮೈಸೂರಿಗೆ ಕಳಿಸ್ಬಿಡ್ತಿದ್ರು. ಎರಡು ವರ್ಷ ಓದು, ಆಮೇಲೆ ಗಂಡು ಹುಡುಕೋದು. ಅಷ್ಟರಲ್ಲಿ ನಿಜವಾಗ್ಲೂ ಏರಿದ್ರೆ? ಆಗ ಹಸೆಮಣೆ ಮೇಲೆ ಯಾರು ಕೂರ್ತಿದ್ರು? ಅವಳು ಕೂರ್ತಿದ್ಲು. ನನ್ನ ಮಗಳ ಧಾರೆ ಅವಳ ಕೈಲಿ ಎರೆಸ್ಬೇಕಿತ್ತಾ ನಾನು? ಹೊತ್ತು ಹೆತ್ತಿದ್ದು ನಾನು, ಗಿಂಡಿ ಹಿಡ್ಕೊಂಡು ಮೆರೆಯೋಳು ಅವಳಾ?'

'ನನ್ನ ಓದು ಹೋಯ್ತಲ್ಲಮ್ಮಾ.'

'ಗೊತ್ತು.'

'ಗೊತ್ತಂತೆ! ಈಗ ಮತ್ತೆ ಅದೇ ದಿನ ಬಂದ್ರೆ ಏನ್ಮಾಡ್ತೀಯ?'

ನಾನು ಕಾದೆ. ತಪ್ಪಾಯ್ತು ಕಣೇ ಅನ್ನಲಿ ಅಂತ ಎಷ್ಟು ಕಾದೆ ಅಂತ ನನಗೇ ಗೊತ್ತು. ಅಷ್ಟು ಅಂದಿದ್ದರೆ ಸಾಕಿತ್ತು, ಎಲ್ಲ ಮರೆತುಬಿಡುತ್ತಿದ್ದೆ.

'ಅದೇ ಮಾಡ್ತೀನಿ' ಅಂದಳು.

ನಾನು ಬಾಯಿಬಿಟ್ಟೆ. ಕಾಯಿಲೆ ಬಂದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಅಮ್ಮನಿಗೆ ಏರುದನಿಯಲ್ಲಿ ಮಾತಾಡಿರಲಿಲ್ಲ. ಇನ್ನೆಷ್ಟು ದಿನವೋ ಏನೋ ಅಂತ ಎಲ್ಲರೂ ನುಂಗಿಕೊಂಡು ಇದ್ದೆವು. ಆ ಬೆಂಚಿನ ಮೇಲೆ ನಾನು ಒಂದನ್ನೂ ನುಂಗಲಿಲ್ಲ. ಸುಳ್ಳಿ ಅಂದೆ. ಓರಗಿತ್ತಿಯ ಮೇಲಿನ ಜಿದ್ದಿಗೆ ಮಗಳನ್ನು ಬಲಿ ಕೊಟ್ಟವಳು ಅಂದೆ. ಮಾತು ಬಿಟ್ಟ ದೊಡ್ಡಪ್ಪ, ಬೈಸಿಕೊಂಡ ಡಾಕ್ಟರು, ಮುನಿಸು ತಿಂದ ಗಂಡ, ಎಲ್ಲರ ಬಾಕಿಯನ್ನೂ ಸೇರಿಸಿ ಅಂದೆ. ಜನ ತಿರುಗಿ ನೋಡಿದರು. ಪಕ್ಕದಲ್ಲಿ ಚೀಲ ಇಟ್ಟುಕೊಂಡು ಮಲ್ಲಿಪಟ್ಟಣದ ಬಸ್ಸಿಗೆ ಕಾಯುತ್ತಿದ್ದ ಹೆಂಗಸಿಗೆ ತಡೆಯಲಾಗಲಿಲ್ಲ. 'ಯಾಕವ್ವ ಅಂಗ್ ಕೂಗಾಡ್ತೀಯ? ಎತ್ತ ತಾಯಿ ಕಣವ್ವ. ನೋಡು, ಎಂಗ್ ಕೆಮ್ತಾ ಅವ್ಳೆ' ಅಂದಳು.

'ನೀನು ಸುಮ್ನಿರಮ್ಮ' ಅಂದಳು ಅಮ್ಮ, ಕೆಮ್ಮುತ್ತಲೇ. 'ಅವಳು ನನ್ನ ಬೈತಿದ್ದಾಳೆ, ನಿನಗೇನು?'

ಆಮೇಲೆ ಅವಳೂ ಶುರು ಮಾಡಿದಳು. ನಿನ್ನ ಸೊಕ್ಕು ನೋಡಿದ್ದೀನಿ ಅಂದಳು. ಗಂಡನ ಮನೆಯಲ್ಲಿ ಏನು ಕಡಮೆಯಾಗಿದೆ ನಿನಗೆ ಅಂದಳು. ಓದಿ ಏನು ಕಡಿದು ಕಟ್ಟೆ ಹಾಕುತ್ತಿದ್ದೆ ಅಂದಳು. ನಾನು ಅದಕ್ಕೂ ಉತ್ತರ ಕೊಟ್ಟೆ. ನಮ್ಮ ಬಸ್ಸು ಬಂತು, ತುಂಬಿಕೊಂಡು ಹೋಯಿತು, ಇಬ್ಬರೂ ಏಳಲಿಲ್ಲ. ನನಗೆ ಗಂಟಲು ಕಟ್ಟಿತು, ಅವಳಿಗೆ ಉಸಿರು ಸಾಲಲಿಲ್ಲ, ಆದರೂ ಬಿಡಲಿಲ್ಲ. ನಾನು ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ಅವಳು ಕೇಳಿಯೂ ಇಲ್ಲ. ಆದರೆ ಇವತ್ತೋ ನಾಳೆಯೋ ಸಾಯುತ್ತಾಳೆ ಅಂದುಕೊಂಡವಳನ್ನು ಯಾರೂ ಹಾಗೆ ಬೈಯುವುದಿಲ್ಲ. ಕಾಯಿಲೆ ಬಂದಮೇಲೆ ಅಮ್ಮನನ್ನು ಬದುಕುವವಳು ಅಂತ ನಾನು ನಂಬಿದ್ದು ಅಂದೇ ಮೊದಲು.